ಸಂಬಂಧ ಎಂಬ ಕಾಲಂ

ಮಹಿಳಾ ಹಾಸ್ಟೆಲ್, ಬೆಂಗಳೂರು
೯-೮-೧೯೮೪

ಸಿಂಗಸಂದ್ರದ ನಲ್ಲಪ್ಪ ಮಾವನಿಗೆ,

ಕ್ಷೇಮ ಸಮಾಚಾರ ಕೇಳಲು ಬರೆಯುತ್ತಿಲ್ಲ. ನನ್ನ ವಿದ್ಯಾರ್ಥಿವೇತನ ರದ್ದಾಗಿದೆ.

ಅಪ್ಪ ಇಲ್ಲ, ಅವ್ವನಿಗೆ ಓದು ಬಾರದು ಎಂದು ಪೋಷಕರ ಸಹಿಗೆ ಅರ್ಜಿಯನ್ನು ನಿಮ್ಮ ಕೈಗೆ ಕೊಟ್ಟಿದ್ದೆ. ಸಂಬಂಧ ಎಂಬ ಕಾಲಂನಲ್ಲಿ ‘ಸೋದರಮಾವ’ ಎಂದು ಬರೆಯಬೇಕಿದ್ದ ನೀವು ‘ಗಂಡ’ ಎಂದು ಬರೆದು, ನೀವೇ ಕಚೇರಿಗೆ ಕೊಟ್ಟು ಬಂದಿರಿ. ಬೊಮ್ಮಸಂದ್ರದ ಫ್ಯಾಕ್ಟರಿಯ ನಿಮ್ಮ ಸಂಬಳ ನನ್ನ ಮನೆಯ ಆದಾಯವಾಗಿಬಿಟ್ಟಿತು. ಗುಮಾಸ್ತರು ಎಲ್ಲರೆದುರಿಗೇ, “ಯಜಮಾನ್ರಿಗೆ ಒಳ್ಳೆ ಕೆಲ್ಸ ಇದೆಯಲ್ಲಮ್ಮಾ, ಸ್ಕಾಲರ್‌ಶಿಪ್ ಯಾಕೆ ನಿಮ್ಗೆ?” ಅಂದರು.

ಅವ್ವನನ್ನು ಕೇಳಿದರೆ, “ಅವನ್ದೇನು ತಪ್ಪು? ನೀನು ತೊಟ್ಟಿಲಲ್ಲಿದ್ದಾಗ್ಲೇ ನಲ್ಲಪ್ಪಂಗೆ ಅಂತ ಮಾತಾಗೈತೆ” ಅನ್ನುತ್ತಾಳೆ. ತೊಟ್ಟಿಲಲ್ಲಿದ್ದವಳಿಗೆ ಮಾತು ಬರುತ್ತಿರಲಿಲ್ಲ. ಈಗ ಬರುತ್ತದೆ. ಆಗುವುದಿಲ್ಲ.

ಸೋಮವಾರ ರಜೆ ಹಾಕಿ ಬನ್ನಿ. ಹತ್ತು ಗಂಟೆಗೆ ಕಚೇರಿಯ ಬಾಗಿಲಲ್ಲಿ ನಿಂತಿರುತ್ತೇನೆ. ಆ ಪದವನ್ನು ನಿಮ್ಮ ಕೈಯಲ್ಲೇ ಹೊಡೆದುಹಾಕಿ, ಸರಿಯಾದದ್ದನ್ನು ಬರೆದು, ಗುಮಾಸ್ತರೆದುರು ಸಹಿ ಮಾಡಿ. ಹೋದ ಸಲದಂತೆ ಮಲ್ಲಿಗೆ ಹೂವು ತರಬೇಡಿ.

ಕಾಲಂನಲ್ಲಿ ಏನು ಬರೆಯಬೇಕೆಂದು ಮತ್ತೆ ಮರೆತರೆ, ಈ ಕಾಗದವನ್ನೇ ಜೊತೆಗೆ ತನ್ನಿ.

ಇತಿ,
ಮುನಿಲಕ್ಷ್ಮಿ
ಸಂಬಂಧ: ಅಕ್ಕನ ಮಗಳು