ಬಿರಡೆ ತಿರುಗಿಸಿದ ದಿಕ್ಕು

ಮಾರ್ಚ್ ೩, ಸೋಮವಾರ

ಇವತ್ತೂ ಹತ್ತೇ ನಿಮಿಷ. ಟಬ್ಬಿನ ನೀರೆಲ್ಲ ಸದ್ದಿಲ್ಲದೆ ಇಳಿದುಹೋಯಿತು. ಇವರ ಲಕ್ವ ಹೊಡೆದ ಕಾಲು ಸಡಿಲವಾಗಬೇಕಾದರೆ ದಿನಾ ಅರ್ಧ ಗಂಟೆ ಬಿಸಿನೀರಿನಲ್ಲಿ ಕೂರಿಸಿ ಎಂದಿದ್ದಾರೆ ಫಿಸಿಯೊ. ಕೂರಿಸುವುದು ಹೇಗೆ? ಟಬ್ಬಿನ ತೂಬು ಮುಚ್ಚುವ ಬಿರಡೆಯ ರಬ್ಬರ್ ಕೊಳೆತಿದೆ. ಹೊಸದು ತಂದೆ. ಪ್ಲಂಬರ್‌ಗೆ ಫೋನ್ ಮಾಡಲಾ ಎಂದು ಕೇಳಿದ್ದೇ ತಪ್ಪಾಯಿತು.

"ಮೂವತ್ತೊಂದು ವರ್ಷ ಊರವರ ಪೈಪೆಲ್ಲ ನಾನು ಸರಿಮಾಡಿದೀನಿ. ನನ್ನ ಮನೆ ಬಿರಡೆಗೆ ಇನ್ನೊಬ್ಬ ಬರ್ಬೇಕಾ? ನಾನು ಹೇಳ್ತೀನಿ, ನೀನು ಮಾಡು."

ಎಷ್ಟೋ ವಾರದ ಮೇಲೆ ಗಂಡನ ಮುಖದಲ್ಲಿ ಕಳೆ... ಆಯಿತು ಎಂದೆ.

ಮಾರ್ಚ್ ೪, ಬೆಳಗ್ಗೆ ೧೧

ಅವರು ಸ್ಟೂಲಿನ ಮೇಲೆ, ನಾನು ಟಬ್ಬಿನೊಳಗೆ ಮಂಡಿಯೂರಿ. ಬಿರಡೆಯ ತಲೆಯ ಪುಟ್ಟ ಸ್ಕ್ರೂ ಬಿಚ್ಚುವವರೆಗೆ ಎಲ್ಲ ಸುಸೂತ್ರ. "ನಿನ್ನ ಮುಂಚೇನೇ ಕೆಲಸಕ್ಕೆ ಇಟ್ಕೋಬೇಕಿತ್ತು" ಎಂದು ನಕ್ಕರು. ಆಮೇಲೆ — "ಈಗ ಒಳಗಿನ ಕಡ್ಡಿ ಹಿಡ್ಕೊಂಡು ಬಲಕ್ಕೆ ತಿರುಗ್ಸು."

ಕೈ ನಿಂತಿತು. ಬಿಚ್ಚುವುದು ಎಡಕ್ಕೆ. ಡಬ್ಬದ ಮುಚ್ಚಳ ತೆಗೆದವರಿಗೆಲ್ಲ ಗೊತ್ತು. ಅವರ ಮುಖ ನೋಡಿದೆ. ಅನುಮಾನವೇ ಇರಲಿಲ್ಲ.

ಬಲಕ್ಕೇ ತಿರುಗಿಸಿದೆ. "ಬಿಗಿಯಾಗ್ತಿದೆ" ಎಂದೆ.

"ಹಳೇದು ಹಾಗೇನೇ. ಇಕ್ಕಳ ಹಾಕು, ಜೋರಾಗಿ."

ಹಾಕಿದೆ. ಟಕ್ ಎಂದಿತು. ಕಡ್ಡಿ ಕೂತಿದ್ದ ತೂಬಿನ ಅಡ್ಡಪಟ್ಟಿಯೇ ಮುರಿದು ಕಡ್ಡಿಯ ಜೊತೆ ಕೈಗೆ ಬಂತು.

"ಎಡಕ್ಕೆ ಅಂದ್ನಲ್ಲೇ. ಕಿವಿ ಎಲ್ಲಿಟ್ಟಿದ್ದೆ?"

"ನಂದೇ ತಪ್ಪು" ಎಂದೆ. ಅಡುಗೆಮನೆಗೆ ಬಂದು, ನಲ್ಲಿ ಬಿಟ್ಟು, ಅತ್ತುಬಿಟ್ಟೆ.

ಮಾರ್ಚ್ ೭

ಎರಡು ದಿನ ಬರೆಯಲು ಮನಸ್ಸಾಗಲಿಲ್ಲ. ತೂಬನ್ನೇ ಬದಲಿಸಬೇಕಾಗಿ ಇವತ್ತು ಪ್ಲಂಬರ್ ಬಂದಿದ್ದ. ಇವರು ಸ್ಟೂಲ್ ಹಾಕಿಸಿಕೊಂಡು ಮೇಸ್ತ್ರಿಯ ಹಾಗೆ ಕೂತರು. ಆತ ಹಳೇ ತೂಬನ್ನು ಎಡಕ್ಕೆ ತಿರುಗಿಸಿ ಬಿಚ್ಚುತ್ತಿದ್ದ.

"ಹಾಂ, ಬಲಕ್ಕೆ... ಹಾಗೇ ಬಲಕ್ಕೆ" ಎಂದರು.

"ಸಾರ್, ಎಡಕ್ಕೆ ತಿರುಗಿಸ್ತಿರೋದು" ಎಂದ, ತಲೆ ಎತ್ತದೆ.

ಇವರು ತಮ್ಮ ಎರಡೂ ಕೈ ನೋಡಿಕೊಂಡರು. ಆಮೇಲೆ ನನ್ನನ್ನು. "ಅವತ್ತು ನಾನೇನಂದೆ?"

"ಎಡಕ್ಕೇ ಅಂದ್ರಿ."

"ನಿಂಗೆ ಸುಳ್ಳು ಹೇಳೋಕೆ ಬರಲ್ಲ ಕಣೇ."

ಕೋಲು ಊರಿಕೊಂಡು ಎದ್ದು ಹೋದರು. ಹೊಸ ಬಿರಡೆ ಕೂತದ್ದನ್ನು ನೋಡಲೇ ಇಲ್ಲ.

ಮಾರ್ಚ್ ೮, ಸಂಜೆ

ಒಂದು ಹನಿಯೂ ಇಳಿಯಲಿಲ್ಲ. ಪೂರ್ತಿ ಅರ್ಧ ಗಂಟೆ ಕೂತರು. ಬೆನ್ನು ತಿಕ್ಕುತ್ತಿದ್ದೆ.

"ಗೊತ್ತಿದ್ದೂ ಯಾಕೆ ತಿರುಗಿಸಿದೆ?" ಎಂದರು.

ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನೀರು ಆರಿತೇನೋ ಎಂದು ಬಿಸಿನೀರಿನ ನಲ್ಲಿ ತಿರುಗಿಸಿದೆ. ಉತ್ತರವನ್ನು ಇಲ್ಲಾದರೂ ಬರೆಯುತ್ತೇನೆ. ಅವತ್ತು ಅಷ್ಟು ದಿನದ ಮೇಲೆ ನಕ್ಕಿದ್ದರು. ಒಂದು ಬಿರಡೆಗಾಗಿ ಆ ನಗು ಕೆಡಿಸಲು ನನಗೆ ಧೈರ್ಯ ಬರಲಿಲ್ಲ.

ಕೋಣೆಯಿಂದ ಕೂಗುತ್ತಿದ್ದಾರೆ. ಚಪ್ಪಲಿ ಕೈಯಲ್ಲಿ ಹಿಡಿದು ಕೂತಿರಬೇಕು. "ಇದು ಎಡಗಾಲಿಂದಾ, ನೋಡು ಬಾ" ಅಂತಿದ್ದಾರೆ. ಯಾರನ್ನೂ ಏನನ್ನೂ ಕೇಳಿದ ಮನುಷ್ಯನಲ್ಲ. ಹೋಗಿ ಏನೂ ಆಗಿಲ್ಲವೆಂಬಂತೆ, ಈ ಸಲ ಇದ್ದದ್ದನ್ನೇ ಹೇಳಬೇಕು.