ಸುರುಳಿಯ ತುದಿಗೆ ಗಾಳಿ

ಮಾರ್ಚ್ 3, ಬೆಳಿಗ್ಗೆ 11
ಮತ್ತೆ ಅದೇ. ಪೂರ್ತಿ ಪವರ್‌ನಲ್ಲಿ ಒಂಬತ್ತು ನಿಮಿಷ ಮೋಟರ್ ಸರಿ. ಹನ್ನೊಂದನೆಯ ನಿಮಿಷಕ್ಕೆ ಒಳಗಿನ ತಾಮ್ರದ ಸುರುಳಿ 196 ಡಿಗ್ರಿ. ಮಿತಿ 180. ತಂತಿಗೆ ಬಳಿದ ವಾರ್ನಿಷ್ ಸುಟ್ಟ ವಾಸನೆ. ಬಂದ್ ಮಾಡಿದೆ.

ಡಿಸೈನ್ ಇವರದು, ಟೆಸ್ಟ್ ನನ್ನದು. ಗಂಡನ ಮೋಟರನ್ನೇ ಫೇಲ್ ಮಾಡುವ ಹೆಂಡತಿ ಎಂದು ಕ್ಯಾಂಟೀನಿನಲ್ಲಿ ನಗು.

"ರೀ, ಸುರುಳಿ ತುದಿಗೆ ಗಾಳಿ ಹೋಗ್ತಾನೇ ಇಲ್ಲ."

"ನಿನ್ನ ಸೆನ್ಸರ್ ಸರಿ ಇದೆಯಾ ನೋಡು."

ಹೆತ್ತವರಿಗೆ ಹೆಗ್ಗಣ ಮುದ್ದು.

ಮಾರ್ಚ್ 4
ಸೆನ್ಸರ್ ಬದಲಿಸಿದೆ. 197. ಮತ್ತೆ ಹೇಳಿದೆ. ಇವರು ಊಟದ ಮೇಜಿನಲ್ಲೇ ಪೇಪರ್ ಬಿಡಿಸಿದರು.

ರೋಗಿಗಳನ್ನು ಸಾಗಿಸುವ ಪುಟ್ಟ ವಿಮಾನದ ಮೋಟರ್ ಇದು. ನೀರಿನಿಂದ ತಣಿಸೋಣವೆಂದರೆ ಪಂಪು, ಪೈಪು, ತೂಕ—ಸ್ಟ್ರೆಚರನ್ನೇ ಇಳಿಸಬೇಕು. ಗಾಳಿಯೇ ಗತಿ. ಪೈಲಟ್ ಹುಡುಗಿ ದಿನಾ ಇಣುಕುತ್ತಾಳೆ. "ಅಕ್ಕಾ, ಯಾವಾಗ ಹಾರಿಸ್ಲಿ?" ಹಾರಾಟ ಹತ್ತೊಂಬತ್ತಕ್ಕೆಂದು ಮೇಲಿನವರು ಆಗಲೇ ನಿಗದಿ ಮಾಡಿದ್ದಾರೆ...

ಮಾರ್ಚ್ 9, ಮಧ್ಯಾಹ್ನ 2
ಎಲ್ಲರೂ ಊಟಕ್ಕೆ ಹೋದಾಗ ತೆಳು ತಗಡು ಕತ್ತರಿಸಿ, ಬಾಗಿಸಿ, ಫ್ಯಾನಿನ ಹಿಂದೆ ಕೂರಿಸಿದೆ. ಗಾಳಿಯೂ ಸೋಮಾರಿಯೇ. ಹೊರಗಿನ ಅಗಲ ಸಂದಿನಲ್ಲಿ ಹಾಯಾಗಿ ಹೋಗಿಬಿಡುತ್ತಿತ್ತು. ತಗಡು ಅಡ್ಡ ಇಟ್ಟರೆ ಸುರುಳಿಗಳ ನಡುವೆ ನುಗ್ಗಲೇಬೇಕು.

ಹನ್ನೊಂದನೆಯ ನಿಮಿಷ—174.

ತಿರುಗಿದರೆ ಬಾಗಿಲಲ್ಲಿ ಇವರು.

"ನನಗೆ ಹೇಳ್ಬಹುದಿತ್ತು."

"ಎರಡು ಸಲ ಹೇಳ್ದೆ."

ಹೊರಟುಹೋದರು.

ಮಾರ್ಚ್ 16
ವಾರದಿಂದ ಬರೆದಿಲ್ಲ. ಇವರ ನಕ್ಷೆಯಲ್ಲಿ ಈಗ ನನ್ನ ತಗಡು ಬಂದು ಕೂತಿದೆ. ಟೆಸ್ಟ್ ಬೆಂಚಿನ ಮೇಲೆ ಪಾಸ್. ಸಹಿ ಹಾಕಿದೆ. ಆದರೆ ಬಿಸಿಲಲ್ಲಿ, ಮೇಲೆ, ಕಾದ ಗಾಳಿಯಲ್ಲಿ? ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು ಅನಿಸುತ್ತದೆ. ಒಂದೇ ಬಟ್ಟೆಗೆ ಎರಡು ಸಲ ಇಸ್ತ್ರಿ ಹಾಕಿದೆ.

ಮಾರ್ಚ್ 19, ರಾತ್ರಿ 8
ಪೈಲಟ್ ಹುಡುಗಿ ಹಾರಿದಳು. ಪೂರ್ತಿ ಪವರ್‌ನಲ್ಲಿ ಹದಿನೈದು ನಿಮಿಷ ತಾಳಬೇಕು. ನಾನು ಸ್ಕ್ರೀನ್ ಮುಂದೆ. ಇವರು ನನ್ನ ಕುರ್ಚಿಯ ಹಿಂದೆ. ಹನ್ನೆರಡನೆಯ ನಿಮಿಷಕ್ಕೆ 177. ಹದಿಮೂರಕ್ಕೆ 181.

"ಒಂದ್ ಡಿಗ್ರಿ ತಾನೇ? ಇನ್ನೆರಡು ನಿಮಿಷ ಬಿಡಿ," ಎಂದರು ಹಾರಾಟ ನೋಡಲು ಬಂದಿದ್ದ ನಮ್ಮ ಸಾಹೇಬರು.

ನನ್ನ ಕೈ ಮುಟ್ಟುವ ಮೊದಲೇ ಇವರು ಮೈಕ್ ಎತ್ತಿಕೊಂಡರು. "ಪವರ್ ಇಳ್ಸಿ. ವಾಪಸ್ ಬಂದ್ಬಿಡಿ."

ಸಾಹೇಬರ ಮುಖ ಕಪ್ಪಿಟ್ಟಿತು. ಇವರು ಮೆಲ್ಲಗೆ, "ಅಲ್ಲಿ ನಾವೇ ಕೂತಿದ್ರೆ ಬಿಡ್ತಿದ್ವಾ, ಸಾರ್?"

ಅವಳು ಇಳಿದು ಹೆಲ್ಮೆಟ್ ತೆಗೆದಾಗಲೇ ನನಗೆ ಉಸಿರು ಬಂದದ್ದು. 'ಫೇಲ್' ಎಂದು ನಾನೇ ಬರೆದೆ. ಇವರು ಪಕ್ಕದಲ್ಲಿ ಸಹಿ ಹಾಕಿದರು. ಮೊದಲ ಸಲ, ತಕರಾರಿಲ್ಲದೆ.

ಮನೆಗೆ ಬಂದವರೇ ನಕ್ಷೆ ಹರಡಿದ್ದಾರೆ. "ಬಾ ಇಲ್ಲಿ. ಈ ಸಲ ಮೊದಲು ನೀನ್ ಹೇಳು, ನಾನು ಆಮೇಲೆ ಗೆರೆ ಎಳೀತೀನಿ. ಇನ್ನೂ ಎಲ್ಲಿ ತಪ್ಪಿಸ್ಕೊಳ್ತಿದೆ ಗಾಳಿ?"

ಪೆನ್ಸಿಲ್ ಹಿಡಿದು ಕಾಯುತ್ತಿದ್ದಾರೆ. ಎರಡು ಜಾಗ ನನಗೆ ಕಾಣುತ್ತಿವೆ. ಮೊದಲನೆಯದು—