ತೇಪೆ ಬಿಚ್ಚಿದ ಕಣ್ಣಾಸ್ಪತ್ರೆಯ ಆಡಳಿತಾಧಿಕಾರಿಗಳಿಗೆ

ಮಾನ್ಯರೇ ಎಂದು ಬರೆಯಲು ಹೋದರೆ ಕೈ ಓಡಲಿಲ್ಲ. ಆದರೂ ಕಾಗದಕ್ಕೆ ಅದರದ್ದೇ ಒಂದು ಮರ್ಯಾದೆ ಇರುತ್ತದಲ್ಲ, ಅದಕ್ಕಾಗಿ, ಮಾನ್ಯರೇ.

ನಿಮ್ಮ ಕೌಂಟರಿನ ಪರದೆಯ ಪ್ರಕಾರ ನನ್ನ ತಂಗಿಯ ಬಲಗಣ್ಣಿನ ಪೊರೆ ತೆಗೆದಾಗಿದೆ. ಈ ಸಂತೋಷದ ಸುದ್ದಿ ಆ ಬಲಗಣ್ಣಿಗೆ ಮಾತ್ರ ಇನ್ನೂ ತಲುಪಿಲ್ಲ. ಹೀಗೆ ಸುಳ್ಳು ತೋರಿಸುವ ಕಂಪ್ಯೂಟರನ್ನು ನಿಮ್ಮ ಆಸ್ಪತ್ರೆಯವರೇ ಒಬ್ಬರು ಸರಿಮಾಡಿದ್ದರು. ನೀವು ಬಂದು ಮತ್ತೆ ಕೆಡಿಸಿದಿರಿ. ನನ್ನ ದೂರು ಇಷ್ಟೇ. ಉಳಿದದ್ದನ್ನು ನಿಮಗೆ ಅರ್ಥವಾಗಲಿ ಎಂದು ಬಿಡಿಸಿ ಬರೆಯುತ್ತೇನೆ.

ನಾವು ಅಕ್ಕತಂಗಿಯರು ಒಂದು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇವೆ. ಕತ್ತರಿಸುವುದು, ಹೊಲಿಯುವುದು ಅವಳು. ಕಾಜಾ, ಗುಂಡಿ, ಅಂಚು ನನ್ನದು. ಅವಳ ಎಡಗಣ್ಣು ಹುಟ್ಟಿದಾಗಿನಿಂದಲೇ ಮಂದ, ಇದ್ದದ್ದೆಲ್ಲ ಬಲಗಣ್ಣೇ. ಈಗ ಅದಕ್ಕೂ ಪೊರೆ. ಸೀಮೆಸುಣ್ಣದಲ್ಲಿ ಎಳೆದ ಗೆರೆಯನ್ನು ಬೆರಳಿನಿಂದ ತಡವಿಕೊಂಡು ಬಟ್ಟೆ ಕತ್ತರಿಸುತ್ತಾಳೆ. ಪೊರೆ ತೀರಾ ಬಲಿತಿದೆ, ತಡವಾಗಿ ಕಣ್ಣಿನ ಒತ್ತಡ ಏರಿದರೆ ಆಮೇಲೆ ತೆಗೆದರೂ ದೃಷ್ಟಿ ಬಾರದಿರಬಹುದು ಎಂದು ನಿಮ್ಮ ಡಾಕ್ಟರೇ ಹೇಳಿದ್ದಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ನಿಮ್ಮ ಕೌಂಟರಿನ ಕಂಪ್ಯೂಟರಿಗೆ ಸ್ವಂತ ಬುದ್ಧಿ ಇಲ್ಲವಂತೆ. ಆ ಕಟ್ಟಡದಲ್ಲಿ ಅದೊಂದೇ ಹಾಗಲ್ಲ, ಇರಲಿ. ರೋಗಿಗಳ ವಿವರವೆಲ್ಲ ಇರುವುದು ಮಹಡಿಯ ಮೇಲಿನ ಹಳೇ ದೊಡ್ಡ ಯಂತ್ರದಲ್ಲಿ. ಮೊದಲು ಅದರ ಜೊತೆ ಮಾತಾಡುವುದಕ್ಕೆ ಟರ್ಮಿನಲ್ ಎಂಬ ಬೇರೆಯೇ ಪೆಟ್ಟಿಗೆಗಳಿದ್ದವಂತೆ. ಅವು ಕೆಟ್ಟುಹೋದ ಮೇಲೆ, ಅವುಗಳಂತೆಯೇ ನಟಿಸುವ ಒಂದು ಸಾಫ್ಟ್‌ವೇರನ್ನು ಈಗಿನ ಕಂಪ್ಯೂಟರುಗಳಿಗೆ ಹಾಕಿದರು. ಕಪ್ಪು ಪರದೆ, ಹಸಿರು ಅಕ್ಷರ. ಪಾಪ, ಅದಕ್ಕೂ ವಯಸ್ಸಾಯಿತು. ಒಬ್ಬರ ವಿವರ ಅಳಿಸಿ ಇನ್ನೊಬ್ಬರದನ್ನು ತೋರಿಸುವಾಗ ಕೊನೆಯ ಸಾಲು ಮಾತ್ರ ಹಿಂದಿನವರದ್ದೇ ಉಳಿದುಬಿಡುತ್ತದೆ. ಮೇಲೆ ನಿಮ್ಮ ಹೆಸರು, ನಿಮ್ಮ ವಯಸ್ಸು. ಕೆಳಗೆ ಇನ್ಯಾರದೋ ಹಣೆಬರಹ. ಯಾವ ಕಣ್ಣು, ಆಪರೇಷನ್ ಆಗಿದೆಯೋ ಇಲ್ಲವೋ ಎಂಬುದು ಇರುವುದು ಆ ಕೊನೆಯ ಸಾಲಿನಲ್ಲೇ.

ಇದಕ್ಕೆ ನಿಮ್ಮ ಹಿರಿಯ ಗುಮಾಸ್ತರು ಒಂದು ಉಪಾಯ ಕಂಡುಕೊಂಡಿದ್ದರು. ಎರಡು ಕೀಲಿ ಒಟ್ಟಿಗೆ ಒತ್ತಿದರೆ ಪರದೆ ಪೂರ್ತಿ ಹೊಸದಾಗಿ ಮೂಡುತ್ತಿತ್ತು. ಕೌಂಟರಿನವರೆಲ್ಲ ಇದನ್ನು ‘ಮುಖ ತೊಳೆಸೋದು’ ಎನ್ನುತ್ತಿದ್ದರು. ಬೆಂಚಿನ ಮೇಲೆ ಕೂತು ಕೂತು ನಮಗೂ ಅದು ಬಾಯಿಪಾಠವಾಗಿತ್ತು. ಸರದಿ ಬಂದವರು ನಮಸ್ಕಾರ ಹೇಳುವ ಮೊದಲು ಮುಖ ತೊಳೆಸಿದಿರಾ ಎಂದು ಕೇಳುತ್ತಿದ್ದರು. ಒಬ್ಬ ಅಜ್ಜಿಯಂತೂ ಸೋಪು ಮನೆಯಿಂದಲೇ ತರಬೇಕಾ ಎಂದು ವಿಚಾರಿಸಿದ್ದರು.

ಕಂಪ್ಯೂಟರ್ ವಿಭಾಗದ ಮೇಡಂ ಇದನ್ನು ನೋಡಿ ನಗಲಿಲ್ಲ. ಒಂದು ದಿನ ಕೌಂಟರಿನಲ್ಲೇ ಕೂತು ಏನೋ ಮಾಡುತ್ತಿದ್ದಾಗ ಏನಮ್ಮಾ ರಿಪೇರಿ ಎಂದು ನಾನೇ ಕೇಳಿದೆ. ಮೇಲೆ ಬರೆದದ್ದೆಲ್ಲ ಅವರು ಆಗ ತಿಳಿಸಿಕೊಟ್ಟದ್ದು. ಸಾಫ್ಟ್‌ವೇರ್ ಮಾಡಿದ ಕಂಪನಿ ಬಾಗಿಲು ಹಾಕಿ ಬಹಳ ಕಾಲವಾಗಿದೆ. ಆದರೆ ಅದರ ಮೂಲ ಬರಹ, ಸೋರ್ಸ್ ಕೋಡ್ ಅಂತಾರಂತೆ, ಆಸ್ಪತ್ರೆಯ ಹತ್ತಿರವೇ ಉಳಿದಿತ್ತು. ಅದನ್ನು ಓದಿ, ತಪ್ಪಿದ್ದ ಜಾಗ ಹುಡುಕಿ, ಅಲ್ಲಿಗಷ್ಟೇ ತೇಪೆ ಹಾಕಿದರು. ಮೊದಲು ಒಂದೇ ಕೌಂಟರಿನಲ್ಲಿ ಪರೀಕ್ಷೆ ಮಾಡಿ ಆಮೇಲೆ ಎಲ್ಲ ಕಡೆ ಹಾಕಿದರು. ಹೆಚ್ಚುಕಡಿಮೆಯಾದರೆ ಇರಲಿ ಎಂದು ಹಳೆಯದನ್ನೂ ಪಕ್ಕದಲ್ಲೇ ಉಳಿಸಿದರು. ಹೆಚ್ಚುಕಡಿಮೆ ಎಂದರೆ ನೀವು ಎಂಬುದು ಆ ಹೆಣ್ಣುಮಗಳಿಗೆ ಹೇಗೆ ಗೊತ್ತಿರಬೇಕು?

ಆ ದಿನದಿಂದ ಪರದೆ ನಿಜ ಹೇಳತೊಡಗಿತು. ಗುಮಾಸ್ತರ ಬೆರಳಿಗೆ ಆ ಎರಡು ಕೀಲಿ ಮರೆತೇ ಹೋಯಿತು. ಹೊಸದಾಗಿ ಬಂದವರಿಗೆ ಯಾರೂ ಕಲಿಸಲೂ ಇಲ್ಲ.

ಆಮೇಲೆ ನೀವು ಬಂದಿರಿ. ಯಾರ ಅನುಮತಿ ಪಡೆದು ಇದನ್ನು ಮುಟ್ಟಿದ್ದು ಎಂದು ಕೇಳಿದಿರಂತೆ. ಕಣ್ಣು ಕಾಣದವರಿಗೆ ಎಷ್ಟು ಅನುಕೂಲವಾಯಿತು ಎಂದು ಕೇಳಲಿಲ್ಲವಂತೆ. ‘ತೇಪೆ ಹಾಕಿದ ತಂತ್ರಾಂಶವು ಸಂಸ್ಥೆಯ ಘನತೆಗೆ ತಕ್ಕುದಲ್ಲ’ ಎಂದು ಆದೇಶ ಹೊರಡಿಸಿ ಹಳೆಯದನ್ನೇ ಹಾಕಿಸಿದಿರಿ. ಮೇಡಂ ಅವರನ್ನು ಉಗ್ರಾಣಕ್ಕೆ ಕಳಿಸಿದಿರಿ. ಈಗ ಹೊದಿಕೆ ಜೋಡಿಸುತ್ತಿದ್ದಾರೆ. ಹಳೆಯದು ಮರಳಿದೆ ಎಂದು ಕೌಂಟರಿನವರಿಗೆ ಒಂದು ಮಾತು ಹೇಳುವಷ್ಟು ಪುರುಸೊತ್ತು ಮಾತ್ರ ನಿಮಗೆ ಸಿಗಲಿಲ್ಲ. ಸ್ವಾಮೀ, ನಾನು ತೇಪೆ ಹಾಕಿ ಹೊಟ್ಟೆ ಹೊರೆದವಳು. ಹರಿದ ಬಟ್ಟೆ ಉಟ್ಟು ನಿಂತವನ ಘನತೆ ಹೋಗುವುದು ತೇಪೆ ಹಾಕಿದಾಗಲೋ, ಹಾಕಿದ್ದನ್ನು ನಡುಬೀದಿಯಲ್ಲಿ ಬಿಚ್ಚಿದಾಗಲೋ?

ಆಪರೇಷನ್ ದಿನ ದೇವರಿಗೆ ಕೈಮುಗಿದು ಬೆಳಗ್ಗೆಯೇ ಬಂದೆವು. ನಮಗಿಂತ ಮುಂಚೆ ಒಬ್ಬ ಯಜಮಾನರು ಆಪರೇಷನ್ ಮುಗಿದು ತಪಾಸಣೆಗೆ ಬಂದಿದ್ದರು. ಅವರ ಹಿಂದೆಯೇ ನನ್ನ ತಂಗಿ. ಹೊಸ ಗುಮಾಸ್ತ ಪರದೆ ನೋಡಿ, ನಿಮ್ಮದು ಆಗಿದೆ, ಮುಂದಿನ ತಿಂಗಳು ತಪಾಸಣೆಗೆ ಬನ್ನಿ ಎಂದ.

“ಆಗಿಲ್ಲಪ್ಪಾ, ಇವತ್ತು ಆಗ್ಬೇಕು,” ಎಂದೆ.

“ಅಮ್ಮಾ, ಇಲ್ಲಿ ಬಲಗಣ್ಣು ಆಗಿದೆ ಅಂತ ಬಂದಿದೆ. ನಾನೇನು ಸುಳ್ಳು ಹೇಳ್ತೀನಾ?”

“ನೀನು ಹೇಳಲ್ಲಪ್ಪ. ಅವಳ ಮುಖ ನೋಡು ಒಂದ್ಸಲ.”

ಅವನು ನೋಡಲಿಲ್ಲ. ಪರದೆಯ ಮುಖ ತೊಳೆಸಪ್ಪಾ ಎಂದರೆ ಅದೇನೆಂದು ತಿಳಿಯದೆ ಮುಂದಿನವರನ್ನು ಕರೆದ. ಆಗ ನನ್ನ ತಂಗಿ ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದಳು: “ಆಗಿದ್ರೆ ನಂಗ್ಯಾಕೆ ಕಾಣ್ತಿಲ್ಲ ಅಕ್ಕಾ?”

ಇದನ್ನು ಕೇಳಿಸಿಕೊಂಡಿರಾ? ನಿಮ್ಮ ಪರದೆಯ ಮೇಲೆ ಅವಳಿಗೆ ಅಷ್ಟು ನಂಬಿಕೆ. ತನ್ನ ಕಣ್ಣಿನ ಮೇಲೆಯೇ ಅನುಮಾನ ಬಂತು.

ಕೋಣೆಯಿಂದ ಕೋಣೆಗೆ ಅಲೆದು ಹಿರಿಯ ಗುಮಾಸ್ತರನ್ನು ಹುಡುಕಿ ತಂದೆ. ಅವರು ಪರದೆಯ ಮುಖ ತೊಳೆಸಿದ ಕೂಡಲೇ ಯಜಮಾನರ ಸಾಲು ಹೋಗಿ ಇವಳದ್ದು ಬಂತು: ಬಲಗಣ್ಣು, ಇಂದು, ಆಗಬೇಕು. ಅಷ್ಟರಲ್ಲಿ ಡಾಕ್ಟರು ಕೈಗವಸು ಕಳಚಿ ಹೊರಟಾಗಿತ್ತು. ಹೊಸ ದಿನಾಂಕ ಎರಡು ತಿಂಗಳ ಆಚೆಗೆ. ಇವಳದ್ದು ಆಗಲಿಲ್ಲ, ಅಷ್ಟೇ. ನಾಳೆ ಎಡಗಣ್ಣಿನವರ ಹೆಸರಿನ ಕೆಳಗೆ ಬಲಗಣ್ಣು ಎಂದು ಉಳಿದರೆ?

ನಿಮ್ಮ ಕೋಣೆಗೂ ಬಂದೆ. ನೆನಪಿರಬಹುದು, ಫೈಲಿನಿಂದ ತಲೆ ಎತ್ತದೆಯೇ ಮಾತಾಡಿದಿರಿ. ಹೊಸ ವ್ಯವಸ್ಥೆ ಬರಲಿದೆ ಎಂದಿರಿ. ಯಾವಾಗ ಎಂದರೆ ಪರಿಶೀಲನೆಯಲ್ಲಿದೆ ಎಂದಿರಿ. ಅಲ್ಲಿಯ ತನಕ ತೇಪೆ ಇರಲಿ ಎಂದರೆ, “ಇದು ಸಿಸ್ಟಮ್ ವಿಷಯ, ನಿಮಗೆ ಅರ್ಥ ಆಗಲ್ಲಮ್ಮ,” ಎಂದಿರಿ. ಮಾರನೆಯ ದಿನ ಕೌಂಟರಿನ ಗಾಜಿಗೆ ಒಂದು ಚೀಟಿ ಅಂಟಿತು: ‘ಪರದೆಯ ಮೇಲಿನ ವಿವರ ತಮ್ಮದೇ ಎಂದು ರೋಗಿಗಳು ಖಚಿತಪಡಿಸಿಕೊಳ್ಳತಕ್ಕದ್ದು.’ ಪರದೆ ಗುಮಾಸ್ತನ ಕಡೆಗೆ ತಿರುಗಿದೆ. ರೋಗಿಗಳಿಗೆ ಕಣ್ಣು ಕಾಣುವುದಿಲ್ಲ. ಇದನ್ನು ಬರೆದವರ ಕಣ್ಣನ್ನು ಮೊದಲು ಪರೀಕ್ಷಿಸಬಾರದೇ?

ನಾನು ಹಳ್ಳಿ ಶಾಲೆಯಲ್ಲಿ ಓದಿದವಳು, ದೇವರನ್ನು ನಂಬಿದವಳು. ಕಣ್ಣು ಕೊಟ್ಟದ್ದು ದೇವರು, ಪೊರೆ ಕೊಟ್ಟದ್ದು ವಯಸ್ಸು. ಅವರಿಬ್ಬರ ಮೇಲೂ ನನಗೆ ದೂರಿಲ್ಲ. ದಿನವೂ ಪ್ರಾರ್ಥನೆಯಲ್ಲಿ ನಿಮಗೂ ಒಂದು ಪಾಲು ಒಳ್ಳೆಯ ಬುದ್ಧಿ ಕೇಳುತ್ತಿದ್ದೇನೆ. ಅದೂ ಪರಿಶೀಲನೆಯಲ್ಲಿದೆ ಎಂದು ಕಾಣುತ್ತದೆ.

ಬಿಚ್ಚಿದ ತೇಪೆಯನ್ನು ಈ ವಾರದೊಳಗೆ ವಾಪಸು ಹಾಕಿಸಿ. ಹಾಕಲು ಬಲ್ಲವರು ನಿಮ್ಮ ಉಗ್ರಾಣದಲ್ಲೇ ಇದ್ದಾರೆ, ಮರ್ಯಾದೆಯಿಂದ ಕರೆಸಿ. ಆ ಚೀಟಿ ಕೀಳಿಸಿ. ನನ್ನ ತಂಗಿಯ ಸರದಿ ನಿಮ್ಮಿಂದ ಹೋದದ್ದು. ಎರಡು ತಿಂಗಳು ಕಾಯಿಸದೆ ಮುಂದಿನ ಆಪರೇಷನ್ ದಿನವೇ ಕೊಡಿಸಿ. ತೇಪೆ ಹಾಕಿಸುವ ತನಕ ಪ್ರತಿ ಬೆಳಗ್ಗೆ ನೀವೇ ಕೌಂಟರಿಗೆ ಬಂದು ಕೂತು ಒಬ್ಬೊಬ್ಬರಿಗೂ ಆ ಪರದೆಯ ಮುಖ ತೊಳೆಸಿ. ಎರಡೇ ಕೀಲಿ. ಅರ್ಥವಾಗದಿದ್ದರೆ ಬೆಂಚಿನಲ್ಲಿ ಕೂತವರು ಯಾರಾದರೂ ಹೇಳಿಕೊಡುತ್ತಾರೆ.

ಇಂತಿ,
ನಿಮ್ಮ ಪರದೆಯಲ್ಲಿ ಕಣ್ಣು ವಾಸಿಯಾಗಿರುವ ದರ್ಜಿಯ ಅಕ್ಕ,
ಅವಳ ಸೂಜಿಗೆ ದಿನವೂ ದಾರ ಪೋಣಿಸಿಕೊಡುತ್ತಿರುವವಳು